ಗಾಳ ಮುರಿದ ಮೀನು

ನಮ್ಮ ಪ್ರಾಣಿಶಾಸ್ತ್ರದ ಮೇಡಂ ಅವರ ಬೆರಳ ತುದಿಗಳು, ಸತ್ತ ಪ್ರಾಣಿ ಕೆಡದಂತೆ ಹಾಕಿಡುವ ಫಾರ್ಮಲಿನ್‌ಗೆ ಬೆಳ್ಳಗಾಗಿ ಬಿರಿದಿದ್ದವು. ಸವದತ್ತಿಯ ಕಾಲೇಜಿನಲ್ಲಿ ಮೂರು ವರ್ಷ ಕಲಿತೆ. ಅವರು ಕುರ್ಚಿಯಲ್ಲಿ ಕೂತದ್ದು ಕಂಡದ್ದೇ ಕಡಿಮೆ. ಚಹಾ ಕುಡಿಯುವಾಗಲೂ ಓಡಾಟ.

ಕಾರವಾರದಿಂದ ಪರಿಚಯದವರೊಬ್ಬರು ಫ್ರಾಗ್‌ಫಿಶ್ ಒಂದನ್ನು ತಂದುಕೊಟ್ಟರು. ಮುಷ್ಟಿಯಷ್ಟು ಮೀನು, ಕಪ್ಪೆಯ ಬಾಯಿ, ಕಾಲಿನಂಥ ಈಜುರೆಕ್ಕೆ. ಮೇಡಂ ಕ್ಲಾಸಿನಲ್ಲಿದ್ದರು, ತೊಳೆದಿಡಲು ನನಗೆ ಹೇಳಿಕಳಿಸಿದರು. ತೊಳೆಯುವಾಗ ಚಿಮಟಿಗೆ ಸಿಕ್ಕಿ ತಲೆಯ ಮೇಲಿನ ಕೂದಲಿನಂಥ ಕಡ್ಡಿ ಬುಡಸಮೇತ ಕಿತ್ತುಬಂದು, ನೀರಿನೊಂದಿಗೆ ಮೋರಿಗೆ ಹೋಯಿತು. ನಾನು ಸುಮ್ಮನೆ ಮೀನನ್ನು ಬಾಟಲಿಗಿಟ್ಟೆ.

ಮರುದಿನ ಮೀನಿನ ಜಾತಿ ಗುರುತಿಸಲು ಮೇಡಂ ಭೂತಗನ್ನಡಿ ಹಿಡಿದು ನಮ್ಮ ಬಳಿ ಬಂದರು. “ಬಣ್ಣಾ ನಂಬಬ್ಯಾಡ್ರಿ, ಅದು ಬದಲಾಗತೈತಿ. ತಲೀ ಮ್ಯಾಲಿನ ಗಾಳಾ ನೋಡ್ರಿ, ಸಣ್ಣ ಮೀನಾ ಹತ್ರ ಕರಿಯೋ ಕಡ್ಡಿ. ಅದರ ತುದಿ ಒಂದೊಂದು ಜಾತಿಗೆ ಒಂದೊಂದು ನಮೂನಿ ಇರತೈತಿ.” ಎಷ್ಟು ಹುಡುಕಿದರೂ ಗಾಳವಿಲ್ಲ. “ಯಾರರ ಮುಟ್ಟಿ ಮುರದ್ರೇನು?” ಎಂದರು. ಇಲ್ಲರಿ ಎಂದೆ. ನನ್ನ ಮಾತನ್ನು ನಂಬಿದರು.

ಎರಡು ವಾರ ಅವರಿಗೆ ಸಮಾಧಾನವಿಲ್ಲ. ಬೇರೆ ಗುರುತು ಸಿಕ್ಕೀತೆಂದು ಈಜುರೆಕ್ಕೆಯೊಳಗಿನ ಕಡ್ಡಿ ಎಣಿಸಿದ್ದೇ ಎಣಿಸಿದ್ದು. ಊಟದ ಡಬ್ಬಿ ತೆರೆಯದೆ ಮನೆಗೆ ಹೋಗುತ್ತಿತ್ತು. ಕೊನೆಗೆ, ಹುಟ್ಟಿನಿಂದಲೇ ಗಾಳವಿಲ್ಲದ ಮೀನಿರಬೇಕೆಂದು ಧಾರವಾಡದ ವಿಚಾರ ಸಂಕಿರಣದಲ್ಲಿ ಮಾತಾಡಲು ಹೊರಟರು. ನನಗೆ ಅನ್ನ ಸೇರದಾಯಿತು. ಅವರು ಹೊರಡುವ ದಿನ ಬಸ್‌ಸ್ಟ್ಯಾಂಡಿಗೆ ಓಡಿದೆ. ಮೇಡಂ ಬಸ್ಸಿನ ಮೆಟ್ಟಿಲ ಮೇಲಿದ್ದರು.

“ಮೇಡಂ, ಗಾಳಾ ಇತ್ರಿ. ನಾನ ಮುರದೇನ್ರಿ.”

ಬೈಯುತ್ತಾರೆಂದುಕೊಂಡಿದ್ದೆ. ಕೆಳಗಿಳಿದು ನನ್ನ ರಟ್ಟೆ ಹಿಡಿದು, “ತುದಿ ಹೆಂಗಿತ್ತು?” ಎಂದರು.

“ನೋಡಲಿಲ್ಲರಿ.”

“ಅಯ್ಯ, ನೋಡಬೇಕಿತ್ತಲ್ಲವ್ವಾ!” ಅವರ ಕಣ್ಣಲ್ಲಿ ನೀರು ಬಂತು. ಕಂಡಕ್ಟರ್ ಸೀಟಿ ಊದಿದ. ಮೇಡಂ ಹತ್ತಿದರು.

ಎರಡು ದಿನ ಬಿಟ್ಟು ಬಂದರು. “ನನ್ನ ಹೆಸರು ಹೇಳಿದ್ರೇನ್ರಿ?” ಎಂದು ಹೆದರುತ್ತ ಕೇಳಿದೆ.

“ನಮ್ಮ ಕೈಯಾಗ ಮುರೀತು, ಜಾತಿ ಹೇಳಾಕ ಬರಂಗಿಲ್ಲ ಅಂದು ಬಂದೆ.”

“ಯಾರರ ನಕ್ಕರೇನ್ರಿ?”

“ನಕ್ಕರು. ಬಾ, ರೆಕ್ಕಿ ಕಡ್ಡಿ ನೀನೂ ಒಮ್ಮಿ ಎಣಸು.”

ಮೇಡಂ ಹೋದ ವರ್ಷ ತೀರಿಕೊಂಡರು. ನಾನೀಗ ಬೈಲಹೊಂಗಲದಲ್ಲಿ ರಕ್ತ ತಪಾಸಣೆಯ ಕೆಲಸದಲ್ಲಿದ್ದೇನೆ. ಕೈತಪ್ಪಾದಾಗ ಮುಚ್ಚಿಡುವ ಆಸೆ ಈಗಲೂ ಬರುತ್ತದೆ. ಮೊನ್ನೆ ಮುನವಳ್ಳಿಯ ಅಜ್ಜರೊಬ್ಬರ ರಕ್ತದ ನಳಿಕೆ ನನ್ನ ಕೈಜಾರಿ ಒಡೆಯಿತು. ಅವರಿನ್ನೂ ಹೊರಗಿನ ಬೆಂಚಿನ ಮೇಲಿದ್ದರು. ಹೋಗಿ ಹೇಳಿದೆ. ಅಜ್ಜ ಮನಸಾರೆ ಬೈದು, ಆಮೇಲೆ ಇನ್ನೊಂದು ತೋಳು ಮುಂದೆ ಚಾಚಿದರು.