ಎತ್ತಿದ ಮೇಲೆ ಇಳಿಸದ ಭಾವ

ನಾನು ಕಾಲು ಕಡೆಯವನು. ಮನೆ ಸಾಮಾನು ಸಾಗಿಸುವ ನಮ್ಮ ಕಂಪನಿಯಲ್ಲಿ ಬೀರುವಿಗೆ ಒಂದು ತಲೆ ಕಡೆ, ಒಂದು ಕಾಲು ಕಡೆ ಅಂತ ಇರುತ್ತದೆ. ತಲೆ ಕಡೆ ಹಿಡಿಯುವವನಿಗೆ ದಾರಿ ಗೊತ್ತಿರಬೇಕು, ತಿರುವಿನಲ್ಲಿ ಎಷ್ಟು ಓರೆ ಮಾಡಬೇಕು ಅನ್ನುವ ಅಂದಾಜು ಇರಬೇಕು, ಹಿಂದಿರುವವನನ್ನು ಬೈಯುವ ಬಾಯಿರಬೇಕು. ಕಾಲು ಕಡೆಯವನಿಗೆ ಎರಡು ಕೈ ಇದ್ದು, ಬೈಸಿಕೊಳ್ಳುವ ತಾಳ್ಮೆ ಇದ್ದರೆ ಸಾಕು. ಮೂರು ಕಡೆ ಕೆಲಸ ಬಿಟ್ಟು, ಅಂದರೆ ಅವರೇ ನನ್ನನ್ನು ಬಿಟ್ಟ ಮೇಲೆ, ನನಗೆ ಈ ಜಾಗ ಸಿಕ್ಕಿತು. ಕೊಡಿಸಿದವರು ತಲೆ ಕಡೆಯವರೇ, ನಮ್ಮ ಭಾವ, ಅಕ್ಕನ ಗಂಡ. ನಾನು ಇರುವುದೂ ಅವರ ಮನೆಯಲ್ಲೇ. ಹಾಗಾಗಿ ಹಗಲು ಅವರು ಬೈಯುತ್ತಾರೆ, ಸಂಜೆಯ ಪಾಳಿ ಅಕ್ಕನದು.

ಭಾವ ಕುಳ್ಳಗೆ, ಗಟ್ಟಿಮುಟ್ಟಾಗಿ ಇದ್ದಾರೆ. ಕುತ್ತಿಗೆ ಅನ್ನುವುದು ಭಾರ ಹೊತ್ತು ಹೊತ್ತು ಭುಜದೊಳಗೆ ಇಳಿದುಹೋಗಿದೆ. ಯಾರ ಮನೆಗೆ ಹೋದರೂ ಮೊದಲು ಬಾಗಿಲ ಚೌಕಟ್ಟು ನೋಡುತ್ತಾರೆ, ಆಮೇಲೆ ಮನುಷ್ಯರ ಮುಖ. ಮಗಳು ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಕೂಸನ್ನು ಕೈಗೆ ಕೊಟ್ಟರೆ ಇವರು ನರ್ಸಿಗೆ, "ಈ ಮಂಚ ಈ ಬಾಗಿಲಲ್ಲಿ ಹೊರಗೆ ಬರಲ್ಲ ಸಿಸ್ಟರ್, ಒಳಗೇ ಜೋಡಿಸಿರಬೇಕು" ಅಂದರಂತೆ. ಅಕ್ಕ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ.

ಅವರದೊಂದು ನೇಮ ಇದೆ. ಎತ್ತಿದ ಸಾಮಾನನ್ನು ಅದು ಸೇರಬೇಕಾದ ಕೋಣೆ ಮುಟ್ಟುವ ತನಕ ನೆಲಕ್ಕೆ ತಾಗಿಸುವುದಿಲ್ಲ. ಉಳಿದ ಮೇಸ್ತ್ರಿಗಳೆಲ್ಲ ಮೆಟ್ಟಿಲ ತಿರುವಿನಲ್ಲಿ ಇಳಿಸಿ, ಬೆವರು ಒರೆಸಿಕೊಂಡು, ಮತ್ತೆ ಎತ್ತುತ್ತಾರೆ. ಭಾವ ವಯಸ್ಸಿನಲ್ಲಿದ್ದಾಗ ಹಾಗೆ ಇಳಿಸಿದ ಕನ್ನಡಿ ಬೀರು ಒಂದು ಸಲ ಜಾರಿ, ಒಂದು ಮಹಡಿ ತಾನೇ ಇಳಿದು ಹೋಗಿತ್ತಂತೆ. ಅಂದಿನಿಂದ ಈ ನೇಮ. ಅದರ ಫಲವಾಗಿ ಅವರಿಗೆ ಹೆಸರು ಬಂತು, ನನಗೆ ಸೊಂಟನೋವು ಬಂತು.

ಹೋದ ವರ್ಷದಿಂದ ಅವರ ಬಲ ಮಂಡಿ ಸದ್ದು ಮಾಡತೊಡಗಿತು. ಹತ್ತುವಾಗ ಸುಮ್ಮನಿರುತ್ತದೆ, ಇಳಿಯುವಾಗ ಹಳೇ ಬಾಗಿಲ ಹಾಗೆ ಕಿರುಗುಟ್ಟುತ್ತದೆ. ನಮ್ಮ ಮಾಲೀಕರು ಮಂಡಿ ಹೋದವರ ಬೆನ್ನು ತಟ್ಟಿ, "ನಿನ್ನಂಥೋನು ಸಿಗಲ್ಲ ಬಿಡು" ಅಂದು, ಮಾರನೇ ದಿನದಿಂದ ಬೇರೆಯವನನ್ನು ಹುಡುಕಿಕೊಳ್ಳುತ್ತಾರೆ. ಹೀಗಾಗಿ ಭಾವ ಕೆಲಸದ ಕಡೆ ಮಂಡಿಯ ಸುದ್ದಿಯನ್ನೇ ಎತ್ತಲಿಲ್ಲ. ಅವರು ಎತ್ತದೆ ಬಿಟ್ಟ ಭಾರ ಅದೊಂದೇ ಇರಬೇಕು.

ಅಷ್ಟರಲ್ಲಿ ನಮ್ಮ ಸುತ್ತಮುತ್ತಲ ಎಂಟು ದೇಶಗಳ ಫುಟ್‌ಬಾಲ್ ಚಾಂಪಿಯನ್‌ಶಿಪ್ ನಮ್ಮೂರ ಸ್ಟೇಡಿಯಮ್ಮಿಗೆ ಬಂತು. ಆಟಗಾರರ ಕೋಣೆಗೆ ಕಬ್ಬಿಣದ ಕಪಾಟು ಸಾಗಿಸಲು ನಾವೇ ಹೋಗಿದ್ದೆವು. ಸ್ಟ್ರೆಚರ್ ಹೊರಲು ಗೊತ್ತು ಮಾಡಿದ್ದವರಲ್ಲಿ ಇಬ್ಬರು ಕೈಕೊಟ್ಟಿದ್ದರು. ಕಪಾಟು ಹೊತ್ತುಕೊಂಡು ಗೋಡೆಗೆ ಒಂದು ಗೀರೂ ಬೀಳದಂತೆ ತಿರುವು ದಾಟಿದ ಭಾವನನ್ನು ಸ್ಟೇಡಿಯಂ ಮ್ಯಾನೇಜರ್ ನೋಡಿದರು.

"ಏನ್ರೀ, ಮನುಷ್ಯರನ್ನ ಎತ್ತೋಕೆ ಬರುತ್ತಾ?"

"ಕಾಲಿದೆಯಾ ಸಾರ್ ಅದಕ್ಕೆ?" ಅಂದರು ಭಾವ. ಬೀರುವಿನ ಕಾಲು ಬಿಚ್ಚಿಟ್ಟು ಸಾಗಿಸುವುದು ಅವರ ಪದ್ಧತಿ.

ಮ್ಯಾನೇಜರ್ ನಕ್ಕು, ಇಬ್ಬರನ್ನೂ ಒಪ್ಪಿಕೊಂಡರು. ಜೊತೆಗೆ ಒಂದು ಆಸೆಯನ್ನೂ ತೋರಿಸಿದರು. ಟೂರ್ನಿ ಮುಗಿದ ಮೇಲೆ ಸ್ಟ್ರೆಚರಿನ ನಾಲ್ವರಲ್ಲಿ ಒಬ್ಬರನ್ನು ಸ್ಟೇಡಿಯಮ್ಮಿನ ಸ್ಟೋರಿಗೆ ಖಾಯಂ ಮಾಡಿಕೊಳ್ಳುತ್ತಾರೆ. ಭಾವ ಆ ಸ್ಟೋರ್ ನೋಡಿಕೊಂಡು ಬಂದರು. ನೆಲಮಟ್ಟದ ಕೋಣೆ, ಅಗಲ ಬಾಗಿಲು. ಒಳಗೆ ಚೆಂಡು, ಬಲೆ, ಬಾವುಟ. ಎಲ್ಲಕ್ಕಿಂತ ಭಾರದ್ದು ಅಂದರೆ ಗೆರೆ ಎಳೆಯುವ ಸುಣ್ಣದ ಮೂಟೆ.

ಮನೆಗೆ ಬಂದವರೇ ಅಕ್ಕನಿಗೆ ಹೇಳಿದರು, "ಒಂದು ಮೆಟ್ಟಿಲಿಲ್ಲ ಕಣೇ. ಒಂದೇ ಒಂದು ಮೆಟ್ಟಿಲಿಲ್ಲ."

ಅಕ್ಕ ಅವರ ಮಂಡಿಗೆ ಬಿಸಿನೀರಿನ ಬಟ್ಟೆ ಒತ್ತುತ್ತಾ, "ಹಂಗಾದ್ರೆ ಆ ಕೆಲಸ ಬಿಡಬೇಡಿ. ಮಾಲೀಕರಿಗೆ ಗೊತ್ತಾಗೋ ಮುಂಚೆ ಅಲ್ಲಿ ಸೇರ್ಕೊಂಡುಬಿಡಿ" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಲೋ, ನೀನೇನಾದ್ರೂ ಎಡವಟ್ಟು ಮಾಡಿದ್ಯೋ, ಊಟ ಬೇರೆ ಕಡೆ ನೋಡ್ಕೋ" ಅಂದಳು.

"ನಾನು ಬರೀ ಕಾಲು ಕಡೆ ಅಕ್ಕಾ."

"ನಿನ್ನ ಎಡವಟ್ಟೆಲ್ಲಾ ಅಲ್ಲಿಂದಾನೇ ಶುರುವಾಗೋದು."

ಸ್ಟೇಡಿಯಮ್ಮಿನ ಡಾಕ್ಟರಮ್ಮ ಒಂದು ಬೆಳಿಗ್ಗೆ ನಮಗೆ ತರಬೇತಿ ಕೊಟ್ಟರು. ಅಂಪೈರ್ ಕೈ ಮಾಡಿದರೆ ಓಡಿ ಹೋಗುವುದು (ರೆಫ್ರಿ ಅನ್ನಬೇಕು ಎಂದು ಡಾಕ್ಟರಮ್ಮ ತಿದ್ದಿದರು, ಫುಟ್‌ಬಾಲ್ ಪಂಡಿತ ಎಂದು ಭಾವನಿಗೆ ಹೇಳಿಕೊಂಡಿದ್ದ ನನ್ನನ್ನು). ಮಲಗಿಸಿ ಬೆಲ್ಟ್ ಹಾಕುವುದು, ಗೆರೆಯ ಆಚೆ ತಂದು ಇಳಿಸುವುದು. ಅಲ್ಲಿ ಅವರ ತಂಡದ ಡಾಕ್ಟರ್ ನೋಡಿಕೊಳ್ಳುತ್ತಾರೆ, ನಿಮ್ಮ ಕೆಲಸ ಮುಗಿಯಿತು. ಭಾವ ಎಲ್ಲಕ್ಕೂ ತಲೆಯಾಡಿಸಿದರು. ಬೆಲ್ಟಿನ ಬಕಲ್ ಮಾತ್ರ ಎರಡು ಸಲ ಎಳೆದು ನೋಡಿ, "ಇದು ನಿಲ್ಲಲ್ಲ" ಎಂದು ಗೊಣಗಿದರು.

ಮೈದಾನದ ಆ ಕಡೆ ಬದಿಗೆ ಇನ್ನಿಬ್ಬರು ಸ್ಟ್ರೆಚರಿನವರು. ಜಿಮ್ಮಿನಲ್ಲಿ ತಯಾರಾದ ತೋಳು, ಅಂಗಿ ಒಂದು ಸೈಜು ಚಿಕ್ಕದು. ಮೊದಲ ವಾರ ಬಿದ್ದ ಆಟಗಾರರೆಲ್ಲ ಅವರ ಕಡೆಯೇ ಬಿದ್ದರು. ದ್ವೀಪದ ದೇಶದವನು ಬಿದ್ದ, ಅವರು ಓಡಿದರು. ಗುಡ್ಡಗಾಡಿನ ದೇಶದವರು ಇಬ್ಬರು ಒಟ್ಟಿಗೆ ಬಿದ್ದರು, ಅದೂ ಅವರ ಕಡೆ. ನಮ್ಮ ಕಡೆ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ಮ್ಯಾನೇಜರ್ ಪ್ರತಿ ಸಲವೂ ಅವರ ಬೆನ್ನು ತಟ್ಟುವುದು ನಮಗೆ ದೂರದಿಂದಲೇ ಕಾಣುತ್ತಿತ್ತು.

ಭಾವನಿಗೆ ಆಟ ಗೊತ್ತಿಲ್ಲ. ಗೋಲಾದಾಗಲೂ ಅವರ ಕಣ್ಣು ಆಟಗಾರರ ಮೈಕಟ್ಟಿನ ಮೇಲೆ. "ಈ ಕೆಂಪು ಅಂಗಿ ನಂಬರ್ ಏಳು, ಪುಸ್ತಕದ ಕಪಾಟು. ಒಬ್ಬನೇ ಎತ್ತಬಹುದು. ಆ ಗೋಲ್‌ಕೀಪರ್ ಊಟದ ಮೇಜು, ಕಾಲು ಉದ್ದ, ಬಾಗಿಲಲ್ಲಿ ತಾಪತ್ರಯ." ಪಕ್ಕದ ದೇಶದ ತಂಡದ ರಕ್ಷಣೆಯಲ್ಲಿ ಆಡುವ ಒಬ್ಬ ಆಳನ್ನು ಮಾತ್ರ ಅವರು ಮೇಲಿಂದ ಕೆಳಗೆ ಎರಡೆರಡು ಸಲ ಕಣ್ಣಿನಲ್ಲೇ ಅಳೆದರು. ಆಮೇಲೆ, "ಎರಡು ಬಾಗಿಲ ಫ್ರಿಜ್ಜು" ಎಂದರು. "ಸಾಮಾನು ತುಂಬಿರೋದು."

ಸೆಮಿಫೈನಲ್ಲಿನಲ್ಲಿ ನಮ್ಮ ದೇಶಕ್ಕೆ ಎದುರಾದದ್ದು ಆ ಫ್ರಿಜ್ಜಿನ ತಂಡವೇ. ಊರೆಲ್ಲ ಸ್ಟೇಡಿಯಮ್ಮಿನಲ್ಲಿತ್ತು, ಉಳಿದವರು ಟಿವಿ ಮುಂದೆ. ಎದುರಾಳಿಗಳು ಒಂದು ಗೋಲು ಮುಂದಿದ್ದರು. ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತು ಅನ್ನುವಾಗ ಫ್ರಿಜ್ಜು ನಮ್ಮ ಬದಿಯ ಗೆರೆಗೆ ಹತ್ತಿರದಲ್ಲೇ ಮಂಡಿ ಹಿಡಿದುಕೊಂಡು ಉರುಳಿದ. ಮುಂದಿರುವ ತಂಡದವರು ಕೊನೆಯಲ್ಲಿ ಹೀಗೆ ಉರುಳುವುದು ಹೊತ್ತು ಕಳೆಯಲು ಎಂದು ಚಿಕ್ಕ ಮಕ್ಕಳಿಗೂ ಗೊತ್ತು. ಭಾವನಿಗೆ ಗೊತ್ತಿರಲಿಲ್ಲ. ಮಂಡಿ ಹಿಡಿದುಕೊಂಡವನನ್ನು ಕಂಡರೆ ಅವರಿಗೆ ಅನುಮಾನ ಬರುವುದಿಲ್ಲ.

ರೆಫ್ರಿ ನಮ್ಮ ಕಡೆ ಕೈ ಮಾಡಿದರು.

ಓಡಿದೆವು. ಮಲಗಿಸಿದೆವು. ನಾನು ಬೆಲ್ಟಿನ ಬಕಲ್ ಹಾಕಿದೆ. ಭಾವ ಸದಾ ಸೊಂಟಕ್ಕೆ ಸುತ್ತಿಕೊಂಡಿರುವ ಹಗ್ಗ ಬಿಚ್ಚಿ ಅದರ ಮೇಲೆ, ಬೀರುವಿನ ಬಾಗಿಲು ತೆರೆದುಕೊಳ್ಳದಂತೆ ಹಾಕುವ ಗಂಟನ್ನು, ಎದೆಗೊಂದು ತೊಡೆಗೊಂದು ಬಿಗಿದರು. "ಎತ್ತು" ಅಂದರು. ತಲೆ ಕಡೆ ಹಿಡಿದು ಮುಂದೆ ಹೊರಟರು, ಬೆನ್ನು ನನ್ನ ಕಡೆಗೆ. ನನ್ನ ಮೂಗಿನ ಮುಂದೆ ಎರಡು ದೊಡ್ಡ ಬೂಟು. ಅವುಗಳ ನಡುವಿನಿಂದ ಫ್ರಿಜ್ಜಿನ ಮುಖ ನನ್ನನ್ನೇ ನೋಡುತ್ತಿತ್ತು, ನೆಮ್ಮದಿಯಾಗಿ. ಗೆರೆ ದಾಟಿದ ಕೂಡಲೇ ಎದ್ದು, ಕಾಲು ಕೊಡವಿ, ಆಟಕ್ಕೆ ಓಡುವವನ ಮುಖ ಅದು.

ಗೆರೆ ಬಂತು. ಗೆರೆ ಹೋಯಿತು.

"ಭಾವಾ, ಗೆರೆ!" ಎಂದೆ. ಆ ಗದ್ದಲದಲ್ಲಿ ನನ್ನ ಮಾತು ನನಗೇ ಕೇಳಲಿಲ್ಲ. ಹಿಂದಿನವನು ತಾನಾಗಿ ನಿಲ್ಲುವ ಹಾಗಿಲ್ಲ, ನಿಂತರೆ ಮುಂದಿನವನ ಕಾಲು ಮುರಿಯುತ್ತದೆ. ಅದರಲ್ಲೂ ಆ ಮಂಡಿ. ನಾನು ನಡೆದೆ. ಫ್ರಿಜ್ಜಿನ ಮುಖದ ನೆಮ್ಮದಿ ಹೋಯಿತು. ಅವನು ತನ್ನ ಭಾಷೆಯಲ್ಲಿ ಏನೋ ಕೂಗಿದ, ಏಳಲು ನೋಡಿದ. ಗಂಟು ಬಿಡಲಿಲ್ಲ. ಅವರ ತಂಡದ ಡಾಕ್ಟರ್ ಚೀಲ ಹಿಡಿದು ಪಕ್ಕದಲ್ಲೇ ಓಡುತ್ತಾ ಅರಚತೊಡಗಿದರು. ಸಾಮಾನಿನ ಹಿಂದೆ ಹೀಗೆ ಅರಚುತ್ತಾ ಓಡುವ ಗಿರಾಕಿಗಳನ್ನು ಭಾವ ಬೇಕಾದಷ್ಟು ಕಂಡಿದ್ದಾರೆ.

"ಏನೂ ಆಗಲ್ಲ ಸಾರ್, ದಿನಾ ಮಾಡೋ ಕೆಲಸ. ನೀವು ಮುಂದೆ ಹೋಗಿ ಜಾಗ ಖಾಲಿ ಮಾಡ್ಸಿ."

ಮೈದಾನದಿಂದ ಒಳಗೆ ಹೋಗುವ ಓಣಿ ಒಂದು ಕಡೆ ಥಟ್ಟನೆ ತಿರುಗುತ್ತದೆ. "ಓರೆ!" ಎಂದರು ಭಾವ. ಆ ಒಂದು ಮಾತಿಗೆ ನನ್ನ ಕೈ ನನ್ನನ್ನು ಕೇಳುವುದಿಲ್ಲ. ಓರೆ ಮಾಡಿದೆವು. ಒಂದು ರಾಷ್ಟ್ರದ ರಕ್ಷಣೆ ಗೋಡೆಯ ಕಡೆ ಮುಖ ಮಾಡಿಕೊಂಡು ಸರಾಗವಾಗಿ ತಿರುವು ದಾಟಿತು, ಗೋಡೆಗೂ ಅದಕ್ಕೂ ಒಂದು ಗೀರಿಲ್ಲದೆ. ಚಿಕಿತ್ಸೆಯ ಕೋಣೆಯ ಮೇಜಿನ ಮೇಲೆ ಇಟ್ಟ ಮೇಲೆಯೇ ಭಾವ ಕೈ ಬಿಟ್ಟದ್ದು.

ಡಾಕ್ಟರಮ್ಮ ಬಂದು ಕತ್ತರಿಯಿಂದ ಗಂಟು ಕತ್ತರಿಸುವಷ್ಟರಲ್ಲಿ ತಲೆಯ ಮೇಲಿನ ಚಾವಣಿ ನಡುಗಿತು. ಮೆಟ್ಟಿಲುಗಟ್ಟೆಯ ಮೇಲಿನ ಜನವೆಲ್ಲ ಒಟ್ಟಿಗೆ ಕುಣಿದಿದ್ದರು. ಹತ್ತೇ ಜನರಾಗಿದ್ದ ಎದುರಾಳಿಗಳ ಮೇಲೆ, ಫ್ರಿಜ್ಜು ನಿಲ್ಲಬೇಕಾದ ಜಾಗದಲ್ಲೇ ಜಿಗಿದು, ನಮ್ಮವನೊಬ್ಬ ತಲೆಯಿಂದ ಗೋಲು ಹೊಡೆದಿದ್ದ. ಫ್ರಿಜ್ಜು ಮೇಜಿನಿಂದ ಹಾರಿ ಓಡಿದ. ಅವನ ಮಂಡಿಗೆ ಏನೂ ಆಗಿರಲಿಲ್ಲ.

ಭಾವ ಗೋಡೆ ಹಿಡಿದುಕೊಂಡು ನಿಂತಿದ್ದರು. ಬಲಗಾಲು ನೆಲಕ್ಕೆ ಊರಲಾಗುತ್ತಿರಲಿಲ್ಲ. ಡಾಕ್ಟರಮ್ಮ ಅವರನ್ನು ನೋಡಿ, ಖಾಲಿ ಮೇಜು ನೋಡಿ, "ಹತ್ತಿ ಮಲಗಿ" ಎಂದರು. ಒತ್ತಿ, ಮಡಚಿ ನೋಡಿದರು. "ಇನ್ನು ಭಾರ ಹೊತ್ತು ಮೆಟ್ಟಿಲು ಹತ್ತಿದ್ರೆ ಈ ಕಾಲನ್ನ ನೀವೇ ಹೊತ್ಕೊಂಡು ತಿರುಗಬೇಕಾಗುತ್ತೆ. ಗೆರೆ ಹತ್ರ ಇಳಿಸಿ ಅಂದಿರಲಿಲ್ವಾ?"

"ಅಂದಿದ್ರಿ ಅಮ್ಮ" ಎಂದರು ಭಾವ. ಡಾಕ್ಟರಮ್ಮ ಆ ಕಡೆ ಹೋದ ಮೇಲೆ ನನಗೆ ಮಾತ್ರ ಕೇಳುವಂತೆ ಹೇಳಿದರು, "ಎತ್ತಿದ ಕೂಡ್ಲೇ ಒಳಗೇನೋ ಕಟ್ ಅಂತು ಕಣೋ. ಗೆರೆ ಹತ್ರ ಇಳಿಸಿದ್ಮೇಲೆ, ಅವನನ್ನ ಒಳಗೆ ಒಯ್ಯಿ ಅಂತ ಯಾರಾದ್ರೂ ಹೇಳಿದ್ರೆ ಮತ್ತೆ ಎತ್ತೋಕೆ ಆಗ್ತಿರಲಿಲ್ಲ. ಎಲ್ರೂ ನೋಡ್ತಿದ್ರು."

ಸಮಬಲದಲ್ಲಿ ನಿಂತ ಪಂದ್ಯವನ್ನು ನಾವು ಪೆನಾಲ್ಟಿಯಲ್ಲಿ ಸೋತೆವು. ಗೆದ್ದರೂ ಪಕ್ಕದ ದೇಶದವರು ದೂರು ಕೊಟ್ಟರು, ತಮ್ಮ ಆಟಗಾರನನ್ನು ಕಟ್ಟಿಹಾಕಿ ಹೊತ್ತೊಯ್ದರು ಎಂದು. ಸೋತರೂ ನಮ್ಮ ಊರಿನವರು ಖುಷಿಪಟ್ಟದ್ದೂ ಅದಕ್ಕೇ. ಟಿವಿಯಲ್ಲಿ ಆ ತಿರುವನ್ನು ಮತ್ತೆ ಮತ್ತೆ ತೋರಿಸಿದರು. ದೇಶಕ್ಕಾಗಿ ಉಪಾಯ ಮಾಡಿದ ಧೀರ ಎಂದು ಭಾವನನ್ನು ಹೊಗಳಿದರು. ಹಿಂದೆ ಬೂಟುಗಳ ಮರೆಯಲ್ಲಿ ಬಾಯಿ ತೆರೆದುಕೊಂಡು ನಡೆಯುವ ಒಬ್ಬನೂ ಕಾಣುತ್ತಾನೆ. ಅವನ ಬಗ್ಗೆ ಯಾರೂ ಏನೂ ಹೇಳಲಿಲ್ಲ.

ವಿಚಾರಣೆಗೆ ಟೂರ್ನಿಯ ಮೂವರು ಅಧಿಕಾರಿಗಳು ಕೂತಿದ್ದರು, ಮ್ಯಾನೇಜರ್ ಪಕ್ಕದಲ್ಲಿ ನಿಂತಿದ್ದರು. "ಯಾರು ಹೇಳಿಕೊಟ್ಟದ್ದು?" ಎಂದು ಆ ಮೂವರಲ್ಲಿ ಒಬ್ಬರು ಕೇಳಿದರು. ಮಂಡಿಯ ಮಾತು ಎತ್ತಿದರೆ ಸ್ಟೋರಿನ ಕೆಲಸ ಅಲ್ಲೇ ಮುಗಿಯುತ್ತದೆಂದು ಭಾವನಿಗೆ ಗೊತ್ತು. ಎರಡೂ ಕಾಲ ಮೇಲೆ ಸಮನಾಗಿ ನಿಲ್ಲಲು ಹೆಣಗುತ್ತಾ, "ಯಾರೂ ಇಲ್ಲ ಸ್ವಾಮಿ. ನಮ್ಮ ಕಸುಬಿನಲ್ಲಿ ಎತ್ತಿದ್ದನ್ನ ದಾರೀಲಿ ಇಳಿಸಲ್ಲ" ಎಂದರು. ಸಾಕ್ಷಿಗೆ ಕರೆಸಿದ್ದ ಡಾಕ್ಟರಮ್ಮ ಕಿಟಕಿಯ ಕಡೆ ನೋಡುತ್ತಾ ಕೂತಿದ್ದರು. ಮಂಡಿ ಒತ್ತಿ ನೋಡಿದ್ದನ್ನು ಅವರೂ ಎತ್ತಲಿಲ್ಲ. ಮೂವರೂ ಭಾವನ ಮಾತನ್ನು ನಂಬಿದರು. ಅಭ್ಯಾಸಬಲದಿಂದ ಆದದ್ದು, ದುರುದ್ದೇಶ ಇಲ್ಲ ಎಂದು ತೀರ್ಮಾನವಾಯಿತು.

ಹೊರಗೆ ಬಂದ ಮೇಲೆ ಮ್ಯಾನೇಜರ್ ನಮ್ಮನ್ನು ಪಕ್ಕಕ್ಕೆ ಕರೆದರು. "ನನ್ನ ಮನಸ್ಸಲ್ಲಿ ನೀವೇ ಇದ್ರಿ. ಆದ್ರೆ ಈಗ ನಿಮಗೆ ಕೆಲಸ ಕೊಟ್ರೆ, ಇದೇ ಇನಾಮು ಅಂತ ಪಕ್ಕದ ದೇಶದವರು ಮತ್ತೆ ಗಂಟು ಬೀಳ್ತಾರೆ. ತಪ್ಪು ತಿಳ್ಕೋಬೇಡಿ." ಸ್ಟೋರು ಚಿಕ್ಕ ಅಂಗಿಯವರಲ್ಲಿ ಒಬ್ಬನ ಪಾಲಾಯಿತು.

ಅಕ್ಕ ಆ ಸಂಜೆ ಯಾರನ್ನೂ ಬೈಯಲಿಲ್ಲ. ನನಗೆ ಭಯವಾದದ್ದು ಆಗಲೇ.

ಆದರೆ ಮಾಲೀಕರೂ ಟಿವಿ ನೋಡಿದ್ದರು, ಅವರ ಗಿರಾಕಿಗಳೂ ನೋಡಿದ್ದರು. ಮನೆ ಬದಲಾಯಿಸುವವರು ಫೋನ್ ಮಾಡಿ, "ಆ ಆಟಗಾರನ್ನ ಎತ್ಕೊಂಡು ಹೋದೋರು ನಿಮ್ಮಲ್ಲೇ ಇರೋದಾ? ಅವರನ್ನೇ ಕಳಿಸಿ" ಎನ್ನತೊಡಗಿದರು. ಮಾಲೀಕರು ಭಾವನನ್ನು ಕರೆದು ಬೆನ್ನು ತಟ್ಟಿದರು. ಹತ್ತಿರವೇ ನಿಂತಿದ್ದ ನಾನು, ಮುಗಿಯಿತು ಅಂದುಕೊಂಡೆ.

"ನೀನಿನ್ನು ಎತ್ತಬೇಡಯ್ಯಾ. ಲಾರಿ ಹತ್ರ ನಿಂತ್ಕೋ, ಗಿರಾಕಿಗೆ ನಿನ್ನ ಮುಖ ಕಂಡ್ರೆ ಸಾಕು. ಎತ್ತೋಕೆ ನಿನ್ನ ಭಾಮೈದ ಇದಾನಲ್ಲ."

ಮಂಡಿಯ ವಿಷಯ ಮಾಲೀಕರಿಗೆ ಇವತ್ತಿಗೂ ಗೊತ್ತಿಲ್ಲ. "ಮುಂದಿನ ಟೂರ್ನಿ ಬರೋ ಹೊತ್ತಿಗೆ ಜನ ಮರೀತಾರೆ. ಆಮೇಲೆ?" ಎಂದು ಅಕ್ಕ ಆಗಾಗ ಕೇಳುತ್ತಾಳೆ. "ಆಗ ನೋಡೋಣ" ಎನ್ನುತ್ತಾರೆ ಭಾವ. ಸದ್ಯಕ್ಕೆ ಮೆಟ್ಟಿಲಿಲ್ಲ, ಅವರು ನೆಲದ ಮೇಲಿದ್ದಾರೆ.

ತಲೆ ಕಡೆ ಈಗ ನಾನು. ಕಾಲು ಕಡೆಗೆ ಬಂದಿರುವ ಹೊಸಬ ನನಗಿಂತ ಬಲಶಾಲಿ, ಅದನ್ನು ಅವನಿಗೆ ಹೇಳಿಲ್ಲ. ಮೊನ್ನೆ ನಾಲ್ಕನೇ ಮಹಡಿಗೆ ಒಂದು ತೇಗದ ಬೀರು. ಮೂರನೆಯದರ ತಿರುವಿನಲ್ಲಿ ನನ್ನ ತೋಳು ನನ್ನ ಮಾತು ಕೇಳಲಿಲ್ಲ. ಮೆಲ್ಲಗೆ ಇಳಿಸಿ, ಸದ್ದಾಗದಂತೆ ಗೋಡೆಗೆ ಒರಗಿ ಉಸಿರು ಬಿಡುತ್ತಿದ್ದೆ. ಕೆಳಗೆ ಲಾರಿಯ ಹತ್ತಿರದಿಂದ, ಮೆಟ್ಟಿಲುಗಳ ನಡುವಿನ ಖಾಲಿಯಲ್ಲಿ, ದನಿ ಏರಿ ಬಂತು.

"ಇಳಿಸಿದ್ಯೇನೋ?"

"ಇಲ್ಲ ಭಾವ!" ಎಂದೆ, ಬೀರುವಿನ ಮೇಲೆ ಮೊಣಕೈ ಊರಿಕೊಂಡು.