ನಾಕು ದಿನದಾಗೆ ತಿಳಿಸ್ತೀವ್ರಿ

ಹೆಣ್ಣು ನೋಡಲು ಬಂದವರು ಹೊರಡುವಾಗ, ಹೊಸ್ತಿಲಾಚೆ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ನಾಕು ದಿನದಾಗೆ ತಿಳಿಸ್ತೀವ್ರಿ" ಎನ್ನುತ್ತಾರಲ್ಲ, ಆ ನಾಲ್ಕು ದಿನಕ್ಕೂ ಗೋಡೆಯ ಕ್ಯಾಲೆಂಡರಿಗೂ ಯಾವ ಸಂಬಂಧವೂ ಇಲ್ಲವೆಂಬುದನ್ನು ನಾನು ಕಲಿತದ್ದು ತೀರಾ ಈಚೆಗೆ. ಅದೂ ಮೂವತ್ತು ವರ್ಷ ಕನ್ನಡ ಮೇಷ್ಟ್ರಾಗಿ ಮಕ್ಕಳಿಗೆ ಸಂಖ್ಯಾವಾಚಕಗಳನ್ನು ಬೋಧಿಸಿ ನಿವೃತ್ತನಾದ ಮೇಲೆ.

ನಮ್ಮ ಮನೆ ಹೊಳಲ್ಕೆರೆಯಲ್ಲಿ. ಒಬ್ಬಳೇ ಮಗಳು ಲೀಲಾ, ಹೊಸದುರ್ಗದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಅವಳಿಗೆ ಮೂವತ್ತು ತುಂಬಿದ ಮೇಲೆ ನನ್ನ ನಿದ್ದೆ ಅರ್ಧಕ್ಕಿಳಿದಿತ್ತು. ಚಿತ್ರದುರ್ಗದಿಂದ ಬಂದಿದ್ದ ಹುಡುಗ ಸೌಮ್ಯ ಸ್ವಭಾವದವ, ಓದಿದವ. ಅವನ ತಾಯಿ ಕೇಸರಿಬಾತನ್ನು ಎರಡನೇ ಸಲ ಹಾಕಿಸಿಕೊಂಡಾಗ, ಇದು ಶಿವನೇ ಕೊಟ್ಟ ಸೂಚನೆಯೆಂದು ನಾನು ಮನಸ್ಸಿನಲ್ಲೇ ಲಗ್ನಪತ್ರಿಕೆಯ ಒಕ್ಕಣೆ ತಿದ್ದತೊಡಗಿದೆ.

ನಾಲ್ಕು ದಿನ ಎಂಟಾಯಿತು, ಎಂಟು ಹದಿನೈದಾಯಿತು. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಎಷ್ಟು ತಂಡ ಮಕ್ಕಳ ಕೈಲಿ ವಿಸ್ತರಿಸಿ ಬರೆಸಿದ್ದೆನೋ! ಆದರೆ ತಾಳಿ ಕಟ್ಟುವವನಿಗಾಗಿ ತಾಳುವ ವ್ಯಾಕರಣವೇ ಬೇರೆ. ಫೋನನ್ನು ದೇವರ ಕೋಣೆಯಲ್ಲೇ, ವಿಭೂತಿಯ ತಟ್ಟೆಯ ಪಕ್ಕದಲ್ಲಿಟ್ಟೆ. ಒಮ್ಮೆ ಅಂಗೈಯಲ್ಲಿ ಲಿಂಗವಿಟ್ಟು ದಿಟ್ಟಿಸುತ್ತಿದ್ದಾಗ ಫೋನು ಗುನುಗಿತು. ದೃಷ್ಟಿ ಲಿಂಗದಿಂದ ಜಾರಿ ಫೋನಿಗೆ ಬಿತ್ತು. ಗ್ಯಾಸ್ ಸಿಲಿಂಡರಿನವನು.

"ದೇವ್ರಿಗೆ ವಹಿಸಿದ ಮ್ಯಾಲೆ ಸುಮ್ನೆ ಕುಂತ್ಕಳ್ರಿ" ಎಂದಳು ನನ್ನ ಹೆಂಡತಿ ಗಿರಿಜೆ. "ಗಳಿಗೆಗೊಂದ್ಸಲ ಹೋಗಿ ಆತಾ, ಆತಾ ಅಂತ ಕೇಳಿದ್ರೆ ಅವನಿಗೂ ಬ್ಯಾಸರ ಆಗಲ್ವ?"

ಮಾತು ನಿಜವೇ. ದೇವರ ಮೇಲೆ ನನಗಿದ್ದ ನಂಬಿಕೆ ಪರೀಕ್ಷಾ ಕೊಠಡಿಯ ಮೇಲ್ವಿಚಾರಕನದು: ನಂಬುತ್ತೇನೆ, ಆದರೆ ಬೆನ್ನ ಹಿಂದೆಯೇ ನಿಂತಿರುತ್ತೇನೆ. ಲೀಲಾ ಮಾತ್ರ ನಿರಾಳವಾಗಿದ್ದಳು. ಬಸ್ಸಿಗೆ ಹೊರಡುವ ಮುನ್ನ ದೀಪ ಹಚ್ಚಿ, ಎಂದಿಗಿಂತ ತುಸು ಹೆಚ್ಚು ಹೊತ್ತೇ ಕೈಮುಗಿದು ನಿಲ್ಲುತ್ತಿದ್ದಳು. ತಂದೆಯ ಪ್ರಾರ್ಥನೆಗೆ ಮಗಳೂ ದನಿಗೂಡಿಸಿದ್ದಾಳೆಂದು ನಾನು ಹಿಗ್ಗಿದೆ.

ತಿಂಗಳಾದ ಮೇಲೆ, ಒಂದು ಮಧ್ಯಾಹ್ನ, ಹುಡುಗನ ತಾಯಿಯೇ ಫೋನು ಮಾಡಿದರು. "ಮೇಷ್ಟ್ರೇ, ಬ್ಯಾಸರ ಮಾಡ್ಕಬ್ಯಾಡ್ರಿ. ಯಾಕೋ ಕೂಡಿ ಬರ್ಲಿಲ್ಲ."

ಸಂಜೆ ಲೀಲಾ ಬರುವ ಹೊತ್ತಿಗೆ ನಾನು ಸಮಾಧಾನದ ಮಾತುಗಳನ್ನು ಮೂರು ಬಗೆಯಲ್ಲಿ ಜೋಡಿಸಿಕೊಂಡಿದ್ದೆ. ವಿಷಯ ಕೇಳಿದವಳು ಬ್ಯಾಗು ಕೆಳಗಿಟ್ಟು, ನೇರ ದೇವರ ಕೋಣೆಗೆ ಹೋಗಿ ಹಣೆಯನ್ನು ನೆಲಕ್ಕೆ ಹಚ್ಚಿದಳು. ಹಿಂದೆಯೇ ಹೋಗಿ, "ಅಳಬ್ಯಾಡವ್ವ" ಎಂದೆ.

ತಿರುಗಿದಳು. ನಗುತ್ತಿದ್ದಳು.

"ಅಪ್ಪಾಜಿ, ಇದು ಆಗದಂಗೆ ನೋಡ್ಕಳಪ್ಪ ಅಂತ ತಿಂಗಳಿಂದ ಬೇಡ್ಕಂತಿದ್ದೆ. ಮದುವೆ ಆದ ಮ್ಯಾಲೆ ಸ್ಕೂಲ್ ಬಿಡ್ಬೇಕು ಅಂದಿದ್ದ ಆ ಹುಡುಗ, ನೋಡಾಕೆ ಬಂದ ದಿನ ಹಿತ್ಲಾಗೆ ಮಾತಾಡ್ವಾಗ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ಎರಡು ಸಲ ಬಂದೆ. ಎರಡು ಸಲಾನೂ ನೀವು ಫೋನ್ ನೋಡ್ತಾ ಕೈ ಅಡ್ಡ ಮಾಡಿದ್ರಿ. ನಿಮಗೆ ಕಾಯಾದ್ರಾಗೆ, ಕೇಳಾಕೆ ಪುರುಸೊತ್ತೆಲ್ಲಿತ್ತು?"

ನಗಲೂ ಆಗಲಿಲ್ಲ, ಸಿಟ್ಟಾಗಲೂ ಆಗಲಿಲ್ಲ. ಒಂದೇ ದೀಪದ ಮುಂದೆ, ಒಂದೇ ಮನೆಯಿಂದ, ಒಂದಕ್ಕೊಂದು ವಿರುದ್ಧವಾದ ಎರಡು ಅರ್ಜಿ! ಅಪ್ಪ ಆಗಲಿ ಎನ್ನುತ್ತಾನೆ, ಮಗಳು ಬೇಡ ಎನ್ನುತ್ತಾಳೆ. ಪಾಪ, ಆ ಶಿವ ತಿಂಗಳು ತೆಗೆದುಕೊಳ್ಳದೆ ಇನ್ನೇನು ಮಾಡಿಯಾನು? ತಡವೆಂದರೆ ಉಪೇಕ್ಷೆಯೆಂದು ನಾನು ಬಗೆದಿದ್ದೆ. ಬಹುಶಃ ಅಪ್ಪ ಮಗಳು ತಾವೇ ಕೂತು ಮಾತಾಡಿಕೊಳ್ಳಲಿ ಎಂದು ಆತ ಕಾದನೇನೋ. ನಾವು ದೇವರಿಗಾಗಿ ಕಾಯುತ್ತೇವೆಂದು ಜಂಬಪಡುತ್ತೇವೆ. ಆತನೂ ನಮಗಾಗಿ ಕಾಯುತ್ತಿರಬಹುದೆಂದು ಹೊಳೆಯುವುದೇ ಇಲ್ಲ.

ಜಗಲಿಗೆ ಬಂದು ಕೂತೆ. ಅವಳೂ ಬಂದು ಪಕ್ಕದಲ್ಲಿ ಕೂತಳು. ಮೂವತ್ತು ವರ್ಷಗಳಲ್ಲಿ ಎಂದೂ ಕೇಳದಿದ್ದುದನ್ನು ಕೇಳಿದೆ:

"ನಿಂಗೆ ಎಂಥೋನು ಬೇಕವ್ವ?"

ಅವಳು ಮೊದಲು ತನ್ನ ಎಂಟನೇ ಕ್ಲಾಸಿನ ಮಕ್ಕಳ ಸುದ್ದಿ ಎತ್ತಿದಳು. ಗಿರಿಜೆ ಒಳಗಿನಿಂದ ಎರಡು ಸಲ ಊಟಕ್ಕೆ ಕರೆದಳು. ನಾವು ಏಳಲಿಲ್ಲ.