ಖಾಲಿ ಮಷೀನು ತುಳಿದ ಮುಖ್ಯ ಅತಿಥಿ

ಕಳೆದ ವಾರ ಅಂಕೋಲೆಯಲ್ಲಿ ಮೂರು ತಾಸು ಹೊಲಿಗೆ ಮಷೀನು ತುಳಿದೆ. ಏನು ಹೊಲಿದೆ ಅಂತ ಕೇಳಬೇಡಿ. ಮಷೀನಿನಲ್ಲಿ ಬಟ್ಟೆ ಇರಲಿಲ್ಲ, ದಾರವೂ ಇರಲಿಲ್ಲ. ಮತ್ತೆ ನಾನು ಆ ದಿನದ ಮುಖ್ಯ ಅತಿಥಿ!

(ತಲೆ ಕೆಟ್ಟಿಲ್ಲ. ಪೂರ್ತಿ ಓದಿ.)

ಬೀದಿಯಲ್ಲಿ ಬೆಳೆದ ಹುಡುಗಿಯರಿಗೆ, ಸಣ್ಣ ವಯಸ್ಸಿಗೇ ತಾಯಿಯಾಗಿ ಕಷ್ಟದಲ್ಲಿರುವವರಿಗೆ ಅಲ್ಲೊಂದು ಹೊಲಿಗೆ ತರಬೇತಿ ಕೇಂದ್ರವಿದೆ. ಬೆಳಿಗ್ಗೆ ಪರೀಕ್ಷೆ, ಒಂದು ಗಂಟೆಗೆ ಸಮಾರಂಭ, ಅದರಲ್ಲಿ ನನ್ನ ಭಾಷಣ. ನಾನು ಕಾರವಾರದಿಂದ ಒಂಬತ್ತೂವರೆಗೇ ಹೋಗಿ ಕೂತಿದ್ದೆ. ಶಾಲು ಹೊದೆಸುತ್ತಾರೆ ಅಂದರೆ ರಿಟೈರ್ಡ್ ಮಾಸ್ತರರು ಯಾವತ್ತಾದರೂ ಲೇಟಾಗಿದ್ದುಂಟೇ? ಜೇಬಿನಲ್ಲಿ ನಾಲ್ಕು ಹಾಳೆ ಭಾಷಣ. ವಿಷಯ, ಸ್ವಾವಲಂಬನೆ.

ಪರೀಕ್ಷೆಗೆ ಕೂತವರಲ್ಲಿ ಸವಿತಾ ಅಂತ ಒಬ್ಬಳು. ಹತ್ತೊಂಬತ್ತು ವರ್ಷ. ಬಸ್ ಸ್ಟ್ಯಾಂಡಿನಲ್ಲಿ ಬೆಳೆದವಳು, ಈಗ ಕೇಂದ್ರದಲ್ಲೇ ವಾಸ. ಎಂಟು ತಿಂಗಳ ಮಗನಿದ್ದಾನೆ. ಪಾಸಾದರೆ ಕಾರವಾರದ ಟೇಲರ್ ಅಂಗಡಿಯೊಂದರಲ್ಲಿ ಕೆಲಸ, ಅಂಗಡಿಯ ಮೇಲೆಯೇ ಒಂದು ರೂಮು. ಅದಕ್ಕೆ ಮೂರು ತಾಸಿನಲ್ಲಿ ಒಂದು ಬ್ಲೌಸ್ ಕತ್ತರಿಸಿ, ಹೊಲಿದು, ಹುಕ್ಕು ಹಚ್ಚಿ ಕೊಡಬೇಕು. ನಡುವೆ ಹಾಲ್ ಬಿಟ್ಟು ಹೊರಗೆ ಬಂದರೆ ಫೇಲು. ಪರೀಕ್ಷಕ ಮೇಡಂ ಇದನ್ನು ಎರಡು ಸಲ ಹೇಳಿದರು.

ಉಳಿದವರು ಮಕ್ಕಳನ್ನು ಅಮ್ಮನ ಹತ್ತಿರವೋ ಅಕ್ಕನ ಹತ್ತಿರವೋ ಬಿಟ್ಟು ಬಂದಿದ್ದರು. ಸವಿತಾಗೆ ಯಾರಿದ್ದಾರೆ? ಮಗು ನೋಡಿಕೊಳ್ಳುವ ಆಯಾ ಮದುವೆಗೆಂದು ಹಿಲ್ಲೂರಿಗೆ ಹೋಗಿದ್ದಳು. ಸವಿತಾ ಜಗಲಿಯಲ್ಲಿ ಸೀರೆಯ ಜೋಲಿ ಕಟ್ಟಿ, ಮಗುವನ್ನು ಮಲಗಿಸಿ ಒಳಗೆ ಹೋದಳು.

ಐದೇ ನಿಮಿಷ. ಶುರುವಾಯಿತು ನೋಡಿ ಅಳು! ಒಳಗೆ ಸವಿತಾಳ ಕತ್ತರಿ ನಿಂತಿತು. ನಾನು ಸೀಟಿ ಹೊಡೆದೆ, ಬೀಗದ ಕೈ ಕುಣಿಸಿದೆ, ಕಾಗೆ ತೋರಿಸಿದೆ. ನನ್ನ ಮುಖ ನೋಡಿ ಅಳು ಇನ್ನೂ ಜೋರಾಯಿತು. (ಹೈಸ್ಕೂಲಿನಲ್ಲಿ ಇದೇ ಮುಖಕ್ಕೆ ಇಡೀ ಕ್ಲಾಸು ಸುಮ್ಮನಾಗುತ್ತಿತ್ತು.)

ಕಿಟಕಿಯ ಪಕ್ಕದಿಂದ ಸವಿತಾ ಒಳಗಿದ್ದ ಹೊಲಿಗೆ ಟೀಚರಿಗೆ ಕೂಗಿ ಹೇಳಿದಳು, "ಅಕ್ಕೋರೇ, ಅವಂಗೆ ಹಳೇ ಮಷೀನಿನ ಸದ್ದು ಬೇಕು! ಹುಟ್ಟಿದಾಗಿಂದ ಅದನ್ನ ಕೇಳ್ಕಂಡೇ ಮಲಗೂದು!"

ವಿಷಯ ಇಷ್ಟೇ. ಹಿಂದಿನ ತಿಂಗಳು ದಾನಿಗಳೊಬ್ಬರು ಮೋಟರ್ ಮಷೀನು ಕೊಡಿಸಿದ್ದರು. ಕಾಲಿನಿಂದ ತುಳಿಯುವ ಹಳೆಯದು ಜಗಲಿಗೆ ಬಂದಿತ್ತು, ಆಯಾ ಅದನ್ನು ತುಳಿದೇ ಇವನನ್ನು ಮಲಗಿಸುತ್ತಿದ್ದಳು. ಮೋಟರು ಗುಂಯ್ ಅನ್ನುತ್ತದೆ, ಮಹಾಶಯನಿಗೆ ಕಟಕಟ ಬೇಕು. ದಾನಿಗಳು ಎಲ್ಲರನ್ನೂ ಕೇಳಿದ್ದರು, ಇವನೊಬ್ಬನನ್ನು ಬಿಟ್ಟು.

ಹೊಲಿಗೆ ಕಲಿಸುವ ಅಕ್ಕೋರು ಬಾಗಿಲಿಗೆ ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಮಾಸ್ತರೇ, ನಂಗೆ ಹಾಲ್ ಬಿಟ್ಟು ಬರೂಕೆ ಆಗೂದಿಲ್ಲ. ನೀವು ಹ್ಯಾಗೂ ಖಾಲಿ ಕೂತಿದ್ರಿ. ಸ್ವಲ್ಪ ತುಳೀತ್ರಾ?"

"ಅಡ್ಡಿಲ್ಲ" ಅಂದೆ. ಅನ್ನದೆ ಏನು ಮಾಡುವುದು?

ಕೂತು ತುಳಿದೆ. ಅಳು ಎರಡು ಪಟ್ಟಾಯಿತು!

"ಮಾಸ್ತರೇ, ಉಲ್ಟಾ ತುಳೀತಾ ಇದ್ರಿ! ಗಾಲಿ ನಿಮ್ ಬದಿಗೆ ತಿರಗ್ಬೇಕು!" ಅಂತ ಸವಿತಾ. "ಸೈಲೆನ್ಸ್!" ಅಂತ ಮೇಡಂ.

ಎಂಟು ತಿಂಗಳ ಪೋರನಿಗೆ ಗೊತ್ತಿದ್ದದ್ದು ಗಣಿತ ಕಲಿಸಿ ನಿವೃತ್ತನಾದವನಿಗೆ ಗೊತ್ತಿರಲಿಲ್ಲ. ಗಾಲಿ ಸರಿಯಾಗಿ ತಿರುಗಿತು. ಎರಡು ಬಿಕ್ಕು, ಒಂದು ಆಕಳಿಕೆ, ನಿದ್ದೆ. ಉಸಿರು ತೆಗೆದುಕೊಳ್ಳೋಣ ಅಂತ ನಿಲ್ಲಿಸಿದೆ. ಒಂದು ಕಣ್ಣು ತೆರೆಯಿತು. ಮತ್ತೆ ತುಳಿದೆ.

ಮೊದಲನೇ ತಾಸು ಮಜಾ. ಎರಡನೇ ತಾಸಿಗೆ ಮೀನಖಂಡ ಕಲ್ಲಾಯಿತು. ಮೂರನೇ ತಾಸಿನಲ್ಲಿ ಕುಲದೇವರೆಲ್ಲ ನೆನಪಾದರು. ಅಡಿಗೆಯಾಕೆ ಚಾ ತಂದು, "ಕುಡೀರಿ, ಕಾಲು ಮಾತ್ರ ನಿಲ್ಸೂದು ಬ್ಯಾಡ" ಅಂದಳು. ಕಿಟಕಿಯಲ್ಲಿ ಸವಿತಾ ಕಾಣುತ್ತಿದ್ದಳು. ತಲೆ ಎತ್ತಲೇ ಇಲ್ಲ ಆ ಹುಡುಗಿ. ನಾನು ನಿಂತರೆ ಅವಳ ಕೆಲಸವೂ ಹೋಯಿತು, ರೂಮೂ ಹೋಯಿತು. ನಿಜ ಹೇಳುತ್ತೇನೆ, ನನ್ನ ಸ್ವಂತ ಪರೀಕ್ಷೆಗೂ ನಾನು ಇಷ್ಟು ಹೆದರಿದವನಲ್ಲ.

ಬೆಲ್ಲಿಗೂ ಕೊನೆಯ ಹುಕ್ಕಿಗೂ ಸರಿಹೋಯಿತು. ಮೇಡಂ ಬ್ಲೌಸ್ ತಿರುವಿ, ಹೊಲಿಗೆ ಜಗ್ಗಿ ನೋಡಿ, "ಪಾಸ್" ಅಂದರು. ಸವಿತಾ ಓಡಿ ಬಂದು ಮಗುವನ್ನು ಎತ್ತಿಕೊಂಡು ಗೊಳೋ ಅಂತ ಅತ್ತಳು. ನನ್ನ ಕಣ್ಣಲ್ಲೂ ನೀರು ಬಂತು. (ಅರ್ಧ ಕಾಲುನೋವಿಗೆ.)

ಸಮಾರಂಭದಲ್ಲಿ ಶಾಲು ಹೊದೆಸಿದರು. ಭಾಷಣ ತೆಗೆದೆ. ಮೊದಲ ಸಾಲೇ 'ಮನಸ್ಸಿದ್ದರೆ ಮಾರ್ಗ'. ಸವಿತಾಗೆ ಮನಸ್ಸಿಗೇನು ಕಡಿಮೆಯಿತ್ತು? ಮಗು ನೋಡಿಕೊಳ್ಳುವವರು ಇರಲಿಲ್ಲ, ಅಷ್ಟೇ. ನನ್ನ ನಾಲ್ಕು ಹಾಳೆಯಲ್ಲಿ ಅದರ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಮಡಚಿ ಜೇಬಿಗೆ ಹಾಕಿ, ಎಲ್ಲರಿಗೂ ಒಳ್ಳೆಯದಾಗಲಿ ಅಂದು ಕೂತೆ. ಭಾರೀ ಚಪ್ಪಾಳೆ! ಅಷ್ಟರಲ್ಲಿ ಪಕ್ಕದಲ್ಲಿ ಸವಿತಾಳ ತೊಡೆಯ ಮೇಲಿದ್ದ ಮಗ ಶಾಲಿನ ತುದಿ ಹಿಡಿದು ಚೀಪುತ್ತಿದ್ದ, ಬಿಡಲೊಲ್ಲ. ಅವನಿಗೇ ಹೊದೆಸಿ ಬಂದೆ.

ಕುಂಟುತ್ತಾ ಮನೆಗೆ ಬಂದಾಗ ಹೆಂಡತಿ ಬಂಗಡೆ ಮೀನು ಕೊಯ್ಯುತ್ತಿದ್ದಳು. "ಶಾಲೆಲ್ಲಿ?" ಅಂದಳು. ನಡೆದದ್ದೆಲ್ಲ ಹೇಳಿದೆ, ಸ್ವಲ್ಪ ಜಂಬದಿಂದಲೇ. ನಮ್ಮ ಇಬ್ಬರು ಮಕ್ಕಳ ತೊಟ್ಟಿಲನ್ನು ನಾನು ಒಮ್ಮೆಯಾದರೂ ತೂಗಿದ ನೆನಪು ಅವಳಿಗಿಲ್ಲ. ನನಗೂ ಇಲ್ಲ.

ಅವಳು ಕತ್ತಿ ಕೆಳಗಿಟ್ಟಳು.

"ಮೂರು ತಾಸಿಗೆ ಒಂದು ಶಾಲಾದ್ರೆ, ಎರಡು ಮಕ್ಕಳಿಗೆ ನಂಗೆ ಎಷ್ಟು ಬರ್ಬೇಕಿತ್ತು ಹೇಳಿ ಕಾಂಬ, ಗಣಿತದ ಮಾಸ್ತರೇ?"